‘ಮನೆಯಲ್ಲಿ ಹೀಗೆ ಮಾಡುವುದೇ ಇಲ್ಲ’: ಶಿಶುವಿಹಾರದ ಶಿಕ್ಷಕಿ ಮಗುವಿನ ವರ್ತನೆಯ ಬಗ್ಗೆ ಮಾತೆತ್ತಿದಾಗ

ಮಗುವನ್ನು ಕರೆದೊಯ್ಯಲು ಬಂದ ತಾಯಿಗೋ ತಂದೆಗೋ ಶಿಶುವಿಹಾರದ ಶಿಕ್ಷಕಿ ‘ನಿಮ್ಮ ಜೊತೆ ಸ್ವಲ್ಪ ಮಾತನಾಡಬೇಕಿತ್ತು’ ಎಂದರೆ ಕೇಳಿದವರ ಎದೆ ಒಮ್ಮೆ ಧಸಕ್ಕೆನ್ನುತ್ತದೆ. ಮಗು ಜೊತೆಯವರನ್ನು ಪದೇಪದೇ ಹೊಡೆಯುತ್ತಿದೆ, ಯಾರೊಡನೆಯೂ ಬೆರೆಯುತ್ತಿಲ್ಲ, ಹೆಸರು ಹಿಡಿದು ಕರೆದರೂ ತಿರುಗಿ ನೋಡುವುದಿಲ್ಲ ಎಂಬಂಥ ಮಾತಿಗೆ ಮನೆಯವರ ಬಾಯಿಂದ ಮೊದಲು ಬರುವ ಉತ್ತರ ಸಾಮಾನ್ಯವಾಗಿ ಒಂದೇ: ‘ಮನೆಯಲ್ಲಿ ಹೀಗೆ ಮಾಡುವುದೇ ಇಲ್ಲವಲ್ಲ!’ ಶಿಕ್ಷಕಿಯ ಕಿವಿಗೆ ಇದು ನುಣುಚಿಕೊಳ್ಳುವ ಮಾತಿನಂತೆ ಕೇಳಿಸುತ್ತದೆ. ಪೋಷಕರ ಕಿವಿಗೆ ಶಿಕ್ಷಕಿಯ ಮಾತು ತಮ್ಮ ಮೇಲಿನ ದೂರಿನಂತೆ ಕೇಳಿಸುತ್ತದೆ. ಆದರೆ ಇಬ್ಬರೂ ನಿಜವನ್ನೇ ಹೇಳುತ್ತಿರುವ ಸಾಧ್ಯತೆ ಹೆಚ್ಚು. ಈ ಸಂಗತಿಯನ್ನು ಇಬ್ಬರೂ ಮೊದಲೇ ತಿಳಿದಿದ್ದರೆ ಮುಂದಿನ ಮಾತುಕತೆ ಹಿಡಿಯುವ ದಾರಿಯೇ ಬೇರೆಯಾಗುತ್ತದೆ.

ಒಂದೇ ಮಗು, ಎರಡು ಜಾಗ

1987ರಲ್ಲಿ ಮನಶ್ಶಾಸ್ತ್ರಜ್ಞ ಥಾಮಸ್ ಆಕೆನ್‌ಬಾಕ್ ಮತ್ತು ಅವರ ಸಹೋದ್ಯೋಗಿಗಳು, ಮಕ್ಕಳ ವರ್ತನೆಯ ಬಗ್ಗೆ ಬೇರೆಬೇರೆಯವರು ಕೊಟ್ಟ ವಿವರಗಳನ್ನು ಹೋಲಿಸಿದ್ದ 119 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ತಂದೆ ಮತ್ತು ತಾಯಿಯಂತೆ ಮಗುವನ್ನು ಒಂದೇ ಬಗೆಯ ಪರಿಸರದಲ್ಲಿ ಕಾಣುವವರ ಅಭಿಪ್ರಾಯಗಳ ನಡುವಿನ ಸರಾಸರಿ ಸಹಸಂಬಂಧ 0.60ರಷ್ಟಿತ್ತು, ಪೋಷಕರು ಮತ್ತು ಶಿಕ್ಷಕರಂತೆ ಬೇರೆಬೇರೆ ಪರಿಸರದಲ್ಲಿ ಕಾಣುವವರ ನಡುವೆ ಅದು 0.28ಕ್ಕೆ ಇಳಿದಿತ್ತು. ಪೂರ್ತಿ ಹೊಂದಿಕೆಯಾದರೆ ಈ ಸಂಖ್ಯೆ 1 ಆಗಬೇಕು. ಅಂದರೆ ಮನೆಯವರೂ ಶಿಕ್ಷಕರೂ ಒಂದೇ ಮಗುವಿನ ಬಗ್ಗೆ ಬೇರೆಬೇರೆ ಚಿತ್ರ ಕೊಡುವುದು ಅಪರೂಪವೇನಲ್ಲ, ಯಾರದೋ ಸುಳ್ಳಿನ ಗುರುತೂ ಅಲ್ಲ.

ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮನೆಯಲ್ಲಿ ಒಂದು ಮಗುವಿನ ಮೇಲೆ ಒಂದೆರಡು ಹಿರಿಯರ ಕಣ್ಣಿರುತ್ತದೆ, ಅದು ಬಾಯಿ ತೆರೆಯುವ ಮೊದಲೇ ಅದಕ್ಕೇನು ಬೇಕೆಂಬುದು ಅವರಿಗೆ ಗೊತ್ತಾಗಿರುತ್ತದೆ, ಆಟಿಕೆಗೆ ಪಾಲುದಾರರು ಕಡಿಮೆ. ತರಗತಿಯಲ್ಲಾದರೋ ಅದೇ ಮಗು ಹತ್ತಾರು ಮಕ್ಕಳ ಗದ್ದಲದಲ್ಲಿ ಕುಳಿತು, ತನ್ನ ಸರದಿಗೆ ಕಾಯುತ್ತ, ಎಲ್ಲರಿಗೂ ಸೇರಿಸಿ ಹೇಳಿದ ಮಾತನ್ನು ತನಗೂ ಹೇಳಿದ್ದೆಂದು ಅರ್ಥ ಮಾಡಿಕೊಳ್ಳುತ್ತ, ಅರ್ಧಕ್ಕೆ ಬಂದ ಆಟವನ್ನು ಬಿಟ್ಟು ಮುಂದಿನ ಚಟುವಟಿಕೆಗೆ ಏಳಬೇಕು. ಮನೆಯಲ್ಲಿ ಎಂದೂ ಎದುರಾಗದ ಪರೀಕ್ಷೆಗಳಿವು. ಇದರ ಉಲ್ಟಾ ಪ್ರಸಂಗವೂ ಉಂಟು. ತರಗತಿಯಲ್ಲಿ ದಿನವಿಡೀ ತನ್ನನ್ನು ಬಿಗಿಹಿಡಿದುಕೊಂಡ ಮಗು ಮನೆಗೆ ಬಂದೊಡನೆ ಸಣ್ಣ ನೆಪಕ್ಕೇ ಕುಸಿದು ಅಳುತ್ತದೆ. ಆಗ ‘ಇಲ್ಲಿ ಎಷ್ಟು ಜಾಣ ಗೊತ್ತೇ’ ಎಂಬ ಶಿಕ್ಷಕಿಯ ಮಾತನ್ನು ನಂಬಲಾಗದವರು ಪೋಷಕರು. ಆಯ್ದ ಮೌನ ಎಂದು ಕರೆಯುವ ಒಂದು ಬಗೆಯ ಆತಂಕದ ತೊಂದರೆಯಲ್ಲಂತೂ ಮನೆಯಲ್ಲಿ ಅರಳು ಹುರಿದಂತೆ ಮಾತನಾಡುವ ಮಗು ಶಾಲೆಯಲ್ಲಿ ತಿಂಗಳುಗಟ್ಟಲೆ ಒಂದು ಪದವನ್ನೂ ಆಡದೆ ಇರಬಹುದು. ಶಾಲೆಗೆ ಸೇರಿದ ಮೊದಲ ತಿಂಗಳ ಮೌನವನ್ನು ಮಾತ್ರ ವೈದ್ಯರು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ, ಏಕೆಂದರೆ ಹೊಸ ಜಾಗದ ಅಳುಕು ಎಲ್ಲ ಮಕ್ಕಳಿಗೂ ಸಹಜ.

ಹಾಗಾಗಿ ಎರಡು ಚಿತ್ರಗಳಲ್ಲಿ ಯಾವುದು ಸರಿ ಎಂದು ವಾದಿಸುವುದರಿಂದ ಪ್ರಯೋಜನವಿಲ್ಲ. ಎರಡರ ನಡುವಿನ ಅಂತರವೇ ಒಂದು ಮುಖ್ಯವಾದ ಮಾಹಿತಿ. ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆಯನ್ನು (ಎಡಿಎಚ್‌ಡಿ) ಗುರುತಿಸಲು ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪ್ರಕಟಿಸಿದ ಕೈಪಿಡಿಯು, ಲಕ್ಷಣಗಳು ಕನಿಷ್ಠ ಎರಡು ಪರಿಸರಗಳಲ್ಲಿ ಕಾಣಬೇಕೆಂದು ಕೇಳುವುದು ಇದಕ್ಕಾಗಿಯೇ. ತರಗತಿಯಲ್ಲಿ ಮಾತ್ರ ಕಾಣುವ ಚಡಪಡಿಕೆ ಮೊದಲು ತರಗತಿಯನ್ನೇ ಪರಿಶೀಲಿಸಲು ಹೇಳುತ್ತದೆ. ಎಲ್ಲಿ ಹೋದರೂ ಜೊತೆಗೇ ಬರುವ ಚಡಪಡಿಕೆ ಮಗುವಿನೊಳಗೆ ನೋಡಲು ಹೇಳುತ್ತದೆ.

ಯಾವುದು ವಯಸ್ಸಿನ ಗುಣ, ಯಾವುದು ಕಳವಳದ ವಿಷಯ

ಚಿಕ್ಕ ಮಕ್ಕಳು ಹೊಡೆಯುತ್ತಾರೆ, ಕಚ್ಚುತ್ತಾರೆ, ಕಸಿದುಕೊಳ್ಳುತ್ತಾರೆ. ಕೆನಡಾದ ರಿಚರ್ಡ್ ಟ್ರೆಂಬ್ಲೆ ಮತ್ತು ಅವರ ಜೊತೆಯವರು ಮಕ್ಕಳನ್ನು ವರ್ಷಗಳ ಕಾಲ ಹಿಂಬಾಲಿಸಿ ನಡೆಸಿದ ಅಧ್ಯಯನಗಳು ತೋರಿಸಿಕೊಟ್ಟಂತೆ, ಮನುಷ್ಯನ ಬದುಕಿನಲ್ಲಿ ಕೈ ಮಾಡುವ ಪ್ರವೃತ್ತಿ ಅತಿ ಹೆಚ್ಚಾಗಿರುವುದು ಹದಿಹರೆಯದಲ್ಲಲ್ಲ, ಎರಡರಿಂದ ಮೂರೂವರೆ ವರ್ಷದೊಳಗೆ; ಅಲ್ಲಿಂದಾಚೆಗೆ ಬಹುಪಾಲು ಮಕ್ಕಳಲ್ಲಿ ಅದು ಇಳಿಯುತ್ತ ಹೋಗುತ್ತದೆ. ಮಾತು ಬಲಿತಂತೆ ಕೈಯ ಕೆಲಸ ಬಾಯಿಗೆ ವರ್ಗವಾಗುತ್ತದೆ. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯನ್ನು ಎರಡೂವರೆ ವರ್ಷದ ಮಗುವಿನ ಏಟಿಗೆ ಅನ್ವಯಿಸಿ, ಇವನು ಮುಂದೆ ಪುಂಡನಾಗುತ್ತಾನೆಂದು ಭವಿಷ್ಯ ನುಡಿಯುವುದು ತಪ್ಪು. ಅದನ್ನು ಶಿಕ್ಷಕರೂ ಮಾಡಬಾರದು, ಅಜ್ಜ ಅಜ್ಜಿಯರೂ ಮಾಡಬಾರದು.

ಸ್ವಭಾವದ ಪಾತ್ರವೂ ದೊಡ್ಡದು. ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ವೈದ್ಯ ದಂಪತಿ ನ್ಯೂಯಾರ್ಕಿನಲ್ಲಿ 1956ರಲ್ಲಿ ಆರಂಭಿಸಿದ ದೀರ್ಘಕಾಲದ ಅಧ್ಯಯನದಲ್ಲಿ ಸುಮಾರು 40 ಶೇಕಡಾ ಮಕ್ಕಳು ಸುಲಭವಾಗಿ ಹೊಂದಿಕೊಳ್ಳುವವರಾಗಿದ್ದರೆ, ಸುಮಾರು 10 ಶೇಕಡಾ ಮಕ್ಕಳು ಬದಲಾವಣೆಗೆ ಜೋರಾಗಿ ಪ್ರತಿಭಟಿಸುವವರಾಗಿದ್ದರು, 15 ಶೇಕಡಾ ಮಕ್ಕಳು ನಿಧಾನವಾಗಿ ತೆರೆದುಕೊಳ್ಳುವವರಾಗಿದ್ದರು. ಉಳಿದವರು ಯಾವ ಗುಂಪಿಗೂ ಪೂರ್ತಿ ಸೇರುವವರಲ್ಲ. ಮಗುವಿನ ಸ್ವಭಾವಕ್ಕಿಂತಲೂ ಆ ಸ್ವಭಾವಕ್ಕೂ ಸುತ್ತಲಿನವರ ನಿರೀಕ್ಷೆಗೂ ಇರುವ ಹೊಂದಾಣಿಕೆಯೇ ಮುಖ್ಯವೆಂಬುದು ಅವರ ವಾದದ ತಿರುಳು. ಎರಡು ವಾರ ಬಾಗಿಲ ಬಳಿಯೇ ನಿಂತು ನೋಡಿ ಆಮೇಲೆ ಆಟಕ್ಕಿಳಿಯುವ ಮಗುವಿಗೆ ಬೇಕಿರುವುದು ಚಿಕಿತ್ಸೆಯಲ್ಲ, ಆ ಎರಡು ವಾರ.

ತರಗತಿಯೊಳಗಿನ ವಯಸ್ಸಿನ ಅಂತರ ಮರೆತೇಹೋಗುವ ಇನ್ನೊಂದು ಸಂಗತಿ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಶಾಲಾ ಪ್ರವೇಶಕ್ಕೆ ವಯಸ್ಸು ಎಣಿಸುವ ಕೊನೆಯ ದಿನ ಡಿಸೆಂಬರ್ 31. 2012ರಲ್ಲಿ ಪ್ರಕಟವಾದ ಅಲ್ಲಿನ ದೊಡ್ಡ ಅಧ್ಯಯನವೊಂದು 6ರಿಂದ 12 ವರ್ಷದ ಮಕ್ಕಳನ್ನು ಗಮನಿಸಿ, ಡಿಸೆಂಬರಿನಲ್ಲಿ ಹುಟ್ಟಿ ತರಗತಿಗೇ ಕಿರಿಯರಾದ ಗಂಡುಮಕ್ಕಳಿಗೆ ಎಡಿಎಚ್‌ಡಿ ಎಂದು ಹೆಸರಿಸುವ ಸಂಭವ, ಜನವರಿಯಲ್ಲಿ ಹುಟ್ಟಿದ ಗಂಡುಮಕ್ಕಳಿಗಿಂತ 30 ಶೇಕಡಾ ಹೆಚ್ಚೆಂದು ಕಂಡುಕೊಂಡಿತು. ಹೆಣ್ಣುಮಕ್ಕಳಲ್ಲಿ ಈ ವ್ಯತ್ಯಾಸ 70 ಶೇಕಡಾ. ಆರು ವರ್ಷ ದಾಟಿದವರಲ್ಲೇ ಹನ್ನೊಂದು ತಿಂಗಳ ಅಂತರ ಇಷ್ಟು ಮೋಸ ಮಾಡಬಲ್ಲದಾದರೆ, ಮೂರು ವರ್ಷದವರ ಗುಂಪಿನಲ್ಲಿ ಆ ಹನ್ನೊಂದು ತಿಂಗಳು ಎಂದರೆ ಮಗು ಇದುವರೆಗೆ ಬದುಕಿದ ಆಯುಷ್ಯದ ಮೂರನೇ ಒಂದು ಭಾಗದ ಹತ್ತಿರ. ಕಳವಳ ಹೇಳುವ ಮೊದಲು ಶಿಕ್ಷಕಿ ಹಾಜರಿ ಪುಸ್ತಕದಲ್ಲಿ ಮಗುವಿನ ಹುಟ್ಟಿದ ದಿನಾಂಕವನ್ನು ಒಮ್ಮೆ ನೋಡಿಕೊಳ್ಳಬೇಕು.

ಇವೆಲ್ಲವನ್ನೂ ಕಳೆದ ಮೇಲೆ ಉಳಿಯುವುದೇನು? ಎಷ್ಟು ಸಲ ಆಗುತ್ತಿದೆ, ಎಷ್ಟು ಜೋರಾಗಿ, ಎಷ್ಟು ಹೊತ್ತು, ಎಷ್ಟು ವಾರಗಳಿಂದ, ಮತ್ತು ಅದರಿಂದ ಮಗುವಿನ ಆಟಕ್ಕೆ, ಕಲಿಕೆಗೆ, ಗೆಳೆತನಕ್ಕೆ ಅಡ್ಡಿಯಾಗುತ್ತಿದೆಯೇ ಎಂಬುದು. ಕೊನೆಯ ಪ್ರಶ್ನೆಯೇ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ. ಗದ್ದಲದ ಮಗು ಎಲ್ಲರ ಕಣ್ಣಿಗೂ ಬೀಳುತ್ತದೆ. ಮೂಲೆಯಲ್ಲಿ ಒಂದೇ ಆಟಿಕೆಯ ಚಕ್ರವನ್ನು ತಿರುಗಿಸುತ್ತ ಯಾರಿಗೂ ತೊಂದರೆ ಕೊಡದೆ ಕುಳಿತ ಮಗುವನ್ನು ‘ಒಳ್ಳೆಯ ಮಗು’ ಎಂದು ದಾಟಿಬಿಡುತ್ತಾರೆ. ಇನ್ನು, ಬರುತ್ತಿದ್ದ ಮಾತು ನಿಂತುಹೋಗುವುದು, ಕಲಿತಿದ್ದ ಕೌಶಲ ಕಳೆದುಹೋಗುವುದು ಯಾವ ವಯಸ್ಸಿನಲ್ಲಾದರೂ ಕಾಯುತ್ತ ಕೂರುವ ವಿಷಯವಲ್ಲ. ಕೂಡಲೇ ವೈದ್ಯರಿಗೆ ತೋರಿಸಬೇಕು.

ವರ್ತನೆಯ ಹಿಂದೆ ಏನಿದೆ

‘ಹೇಳಿದ ಮಾತು ಕೇಳುವುದಿಲ್ಲ’ ಎಂಬ ದೂರಿನಲ್ಲಿ ‘ಕೇಳುವುದಿಲ್ಲ’ ಎಂಬುದು ಅಕ್ಷರಶಃ ನಿಜವಾಗಿರಬಹುದು. ನೆಗಡಿ ಅಥವಾ ಕಿವಿಯ ಸೋಂಕಿನ ನಂತರ ಕಿವಿತಮಟೆಯ ಹಿಂದೆ ದ್ರವ ನಿಲ್ಲುವುದು ಈ ವಯಸ್ಸಿನಲ್ಲಿ ತೀರಾ ಸಾಮಾನ್ಯ. ಅದರಿಂದ ನೋವು ಇಲ್ಲದಿರಬಹುದು. ಕೇಳಿಸುವಿಕೆ ಮಾತ್ರ ಒಂದು ವಾರ ಮಂದವಾಗಿ ಇನ್ನೊಂದು ವಾರ ಸರಿಯಾಗುತ್ತ ಏರಿಳಿಯುತ್ತದೆ. ನಿನ್ನೆ ಕರೆದೊಡನೆ ಓಡಿಬಂದ ಮಗು ಇಂದು ಕರೆದರೂ ಅಲುಗಾಡದಿದ್ದರೆ ನೋಡುವವರಿಗೆ ಅದು ಹಟವೆಂದೇ ಕಾಣುತ್ತದೆ. ವರ್ತನೆಯ ಬಗ್ಗೆ ಯಾವುದೇ ಕಳವಳ ಎದ್ದಾಗ ಕಿವಿ ಮತ್ತು ಕಣ್ಣಿನ ಪರೀಕ್ಷೆ ಮೊದಲ ಹೆಜ್ಜೆಗಳಲ್ಲಿ ಒಂದಾಗಬೇಕು. ನಿದ್ದೆಯೂ ಹಾಗೆಯೇ. ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2016ರಲ್ಲಿ ಕೊಟ್ಟ ಸಲಹೆಯಂತೆ 3ರಿಂದ 5 ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟ ದೊಡ್ಡವರು ತೂಕಡಿಸುತ್ತಾರೆ. ನಿದ್ದೆಗೆಟ್ಟ ಮಕ್ಕಳು ಎಷ್ಟೋ ಸಲ ಇನ್ನಷ್ಟು ಹಾರಾಡುತ್ತಾರೆ. ಮಲಬದ್ಧತೆ, ಮಾತಿನ ಬೆಳವಣಿಗೆಯಲ್ಲಿ ಹಿಂದುಳಿಯುವಿಕೆ, ಮನೆಗೆ ಹೊಸ ಪಾಪು ಬಂದದ್ದು, ಮನೆ ಬದಲಾದದ್ದು, ಪ್ರೀತಿಯವರೊಬ್ಬರು ತೀರಿಕೊಂಡದ್ದು, ದೊಡ್ಡವರ ನಡುವಿನ ಜಗಳ, ಇವೆಲ್ಲವೂ ಮೂರು ವರ್ಷದ ಮಗುವಿನಲ್ಲಿ ವರ್ತನೆಯ ರೂಪದಲ್ಲೇ ಹೊರಬೀಳುತ್ತವೆ. ಅದಕ್ಕೆ ಬೇರೆ ಭಾಷೆ ಇನ್ನೂ ಬಂದಿಲ್ಲ.

ತರಗತಿಯೇ ಕಾರಣವಾಗಿರುವುದೂ ಉಂಟು. ಇದನ್ನು ಬಿಚ್ಚಿ ತೋರಿಸಲು ಪರಿಣತರು ಬಳಸುವ ಸರಳ ಉಪಾಯವೊಂದಿದೆ: ಪ್ರತಿ ಘಟನೆಗೂ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು ಎಂಬ ಮೂರು ಸಂಗತಿಗಳನ್ನು ದಿನಾಂಕ ಮತ್ತು ಸಮಯದೊಂದಿಗೆ ಬರೆದಿಡುವುದು. ‘ಸದಾ ಹೊಡೆಯುತ್ತಾಳೆ’ ಎಂದು ಎಲ್ಲರೂ ಹೇಳುತ್ತಿದ್ದ ನಾಲ್ಕು ವರ್ಷದ ಮಗುವೊಂದನ್ನು ಊಹಿಸಿಕೊಳ್ಳಿ. ಎರಡು ವಾರದ ಟಿಪ್ಪಣಿ ಒಂಬತ್ತು ಘಟನೆಗಳನ್ನು ತೋರಿಸುತ್ತದೆ. ಅದರಲ್ಲಿ ಏಳು, ಆಟಿಕೆಗಳನ್ನು ಎತ್ತಿಡುವ ಹೊತ್ತಿನಲ್ಲೇ, ಅವಳು ಕಟ್ಟುತ್ತಿದ್ದ ಗೋಪುರವನ್ನು ಬೇರೊಬ್ಬರು ಕೆಡವಿದಾಗ ನಡೆದಿವೆ. ಪ್ರತಿ ಸಲವೂ ಅವಳನ್ನು ಪಕ್ಕಕ್ಕೆ ಕೂರಿಸಿದ್ದರಿಂದ ಎತ್ತಿಡುವ ಕೆಲಸ ತಪ್ಪಿದೆ. ‘ಸದಾ’ ಎಂಬುದು ಈಗ ದಿನದ ಹತ್ತು ನಿಮಿಷಕ್ಕೆ ಇಳಿಯಿತು. ಐದು ನಿಮಿಷ ಮೊದಲೇ ಎಚ್ಚರಿಸುವುದು, ಗೋಪುರವನ್ನು ನಾಳೆಗೆ ಉಳಿಸಿಕೊಳ್ಳಲು ಒಂದು ಜಾಗ ಕೊಡುವುದು, ‘ಇನ್ನೂ ಮುಗಿದಿಲ್ಲ’ ಎಂಬ ಮಾತನ್ನು ಕಲಿಸುವುದು, ಇಷ್ಟರಿಂದ ಸಮಸ್ಯೆ ಕರಗಿದರೆ ಒಳ್ಳೆಯದು. ಕರಗದಿದ್ದರೆ, ಶಿಕ್ಷಕಿಯ ಕೈಯಲ್ಲಿ ಪೋಷಕರಿಗೆ ತೋರಿಸಲು ಗಟ್ಟಿಯಾದ ವಿವರವಾದರೂ ಇರುತ್ತದೆ.

ಹೇಗೆ ಹೇಳುವುದು

ಮೊದಲ ಮಾತು ಜಾಗದ್ದು. ಗೇಟಿನ ಬಳಿ, ಇತರ ಪೋಷಕರ ನಡುವೆ, ಎಲ್ಲಕ್ಕಿಂತ ಮುಖ್ಯವಾಗಿ ಮಗುವಿನ ಎದುರಿಗೆ ಈ ವಿಷಯ ಎತ್ತಬಾರದು. ಮಾತು ಸರಿಯಾಗಿ ಬಾರದ ಮಗುವಿಗೂ ತನ್ನ ಬಗ್ಗೆಯೇ ಹೇಳುತ್ತಿದ್ದಾರೆಂಬುದು ಧ್ವನಿಯಿಂದ ತಿಳಿಯುತ್ತದೆ. ಫೋನಿನ ಸಂದೇಶವೂ ಇದಕ್ಕೆ ತಕ್ಕದ್ದಲ್ಲ, ಏಕೆಂದರೆ ಅದರಲ್ಲಿ ದನಿಯಿಲ್ಲ, ಮುಖವಿಲ್ಲ, ಓದಿದವರು ರಾತ್ರಿಯಿಡೀ ಒಬ್ಬರೇ ಕೂತು ಅದಕ್ಕೆ ಅರ್ಥ ಕಟ್ಟುತ್ತಾರೆ. ಬಿಡುವಾದ ಸಮಯ ಗೊತ್ತುಮಾಡಿ, ಸಾಧ್ಯವಾದರೆ ಮನೆಯ ಇಬ್ಬರನ್ನೂ ಕರೆದು, ಬಾಗಿಲು ಮುಚ್ಚಿದ ಕೋಣೆಯಲ್ಲಿ ಕುಳಿತು ಮಾತನಾಡುವುದು ಮರ್ಯಾದೆಯ ಕ್ರಮ. ಏಟು ತಿಂದ ಮಗು ಯಾರದೆಂಬುದನ್ನು ಅಲ್ಲಿಯೂ ಹೇಳುವಂತಿಲ್ಲ.

ಎರಡನೆಯದು, ಕಂಡದ್ದನ್ನು ಹೇಳಬೇಕೇ ಹೊರತು ಅದಕ್ಕಿಟ್ಟ ಹೆಸರನ್ನಲ್ಲ. ‘ನಿಮ್ಮ ಮಗ ತುಂಬಾ ಹಟಮಾರಿ’, ‘ನನಗೇನೋ ಆಟಿಸಂ ಇರಬಹುದು ಅನ್ನಿಸುತ್ತದೆ’ ಎಂಬ ಮಾತುಗಳು ಹಣೆಪಟ್ಟಿಗಳು. ಮೊದಲನೆಯದು ಮಗುವಿನ ವ್ಯಕ್ತಿತ್ವದ ಮೇಲೆ ಕೊಟ್ಟ ತೀರ್ಪು, ಎರಡನೆಯದು ಶಿಕ್ಷಕಿಗೆ ಅಧಿಕಾರವಿಲ್ಲದ ರೋಗನಿರ್ಣಯ. ಅದರ ಬದಲು ಹೀಗೆ ಹೇಳಬಹುದು: ‘ಕಳೆದ ಮೂರು ವಾರಗಳಲ್ಲಿ ನಾನು ಗಮನಿಸಿದ್ದು ಇದು. ಹಿಂದಿನಿಂದ ಹೆಸರು ಹಿಡಿದು ಕರೆದಾಗ ಹತ್ತರಲ್ಲಿ ಎರಡು ಮೂರು ಸಲ ಮಾತ್ರ ತಿರುಗಿ ನೋಡುತ್ತಾನೆ. ಇತರ ಮಕ್ಕಳು ಆಟಕ್ಕೆ ಕರೆದರೆ ಎದ್ದು ಬೇರೆ ಕಡೆ ಹೋಗುತ್ತಾನೆ. ಚಿತ್ರ ಜೋಡಿಸುವ ಆಟದಲ್ಲಿ ಅವನಷ್ಟು ಚುರುಕಾದ ಮಗು ನಮ್ಮ ತರಗತಿಯಲ್ಲಿಲ್ಲ. ಮನೆಯಲ್ಲಿ ಕರೆದಾಗ ಹೇಗಿರುತ್ತಾನೆ? ನೀವು ಏನು ಗಮನಿಸಿದ್ದೀರಿ?’ ಇಲ್ಲಿ ಮಗುವಿನ ಚುರುಕುತನದ ಮಾತು ಕಹಿ ಔಷಧಿಯ ಮುಂಚಿನ ಸಕ್ಕರೆಯಲ್ಲ. ಮುಂದೆ ಅವನನ್ನು ಇತರರ ಜೊತೆ ಸೇರಿಸಲು ಆ ಚಿತ್ರದ ಆಟವೇ ಬಾಗಿಲಾಗುವುದರಿಂದ ಅದು ಯೋಜನೆಯ ಭಾಗ. ಪ್ರಶ್ನೆಯೂ ಸೌಜನ್ಯಕ್ಕೆ ಕೇಳಿದ್ದಲ್ಲ. ಶಿಕ್ಷಕಿಗೆ ತಿಳಿಯದ ಅರ್ಧ ಉತ್ತರ ಪೋಷಕರ ಬಳಿಯೇ ಇದೆ.

ಇದಕ್ಕೆ ವಿರುದ್ಧವಾದ ತಪ್ಪು ಇನ್ನೂ ಸಾಮಾನ್ಯ. ಪೋಷಕರ ಮುಖ ಬಾಡುವುದನ್ನು ಕಂಡು ಶಿಕ್ಷಕಿ ಮಾತನ್ನು ಅಲ್ಲಿಗೇ ನುಂಗಿಕೊಂಡು, ‘ಏನಿಲ್ಲ ಬಿಡಿ, ದೊಡ್ಡವನಾದರೆ ಸರಿಹೋಗುತ್ತಾನೆ’ ಎಂದುಬಿಡುವುದು. ಈ ಸಮಾಧಾನದ ಬೆಲೆಯನ್ನು ತೆರುವುದು ಮಗು. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಮಕ್ಕಳ ವೈದ್ಯರ ಅಕಾಡೆಮಿಯ ಜೊತೆಗೂಡಿ 2022ರಲ್ಲಿ ತನ್ನ ಬೆಳವಣಿಗೆಯ ಪಟ್ಟಿಯನ್ನು ತಿದ್ದಿ, ಆಯಾ ವಯಸ್ಸಿಗೆ 75 ಶೇಕಡಾ ಅಥವಾ ಅದಕ್ಕಿಂತ ಹೆಚ್ಚು ಮಕ್ಕಳು ಮಾಡಬಲ್ಲ ಕೆಲಸಗಳನ್ನು ಮಾತ್ರ ಅದರಲ್ಲಿ ಉಳಿಸಿತು. ಸರಾಸರಿ ಮಗು ಮಾಡುವುದನ್ನು ಅಳತೆಗೋಲಾಗಿಟ್ಟರೆ ಅರ್ಧದಷ್ಟು ಮಕ್ಕಳು ಅದನ್ನು ಇನ್ನೂ ಮುಟ್ಟಿರುವುದಿಲ್ಲ, ಆಗ ‘ಕಾದು ನೋಡೋಣ’ ಎನ್ನುವುದು ವೈದ್ಯರಿಗೂ ಸುಲಭವಾಗುತ್ತದೆ. ಆ ಕಾಯುವಿಕೆಯನ್ನು ತಗ್ಗಿಸುವುದೇ ತಿದ್ದುಪಡಿಯ ಉದ್ದೇಶವಾಗಿತ್ತು.

ಕೇಳಿಸಿಕೊಳ್ಳುವವರ ಕಡೆಯಿಂದ

ಇಂಥ ಮಾತು ಕೇಳಿದ ತಾಯಿತಂದೆಯರಲ್ಲಿ ಏಳುವ ಸಿಟ್ಟು, ನಾಚಿಕೆ, ತಮ್ಮನ್ನೇ ಹಳಿದುಕೊಳ್ಳುವ ನೋವು ಎಲ್ಲವೂ ಸಹಜ. ಅವರಿಗೆ ಅರಗಿಸಿಕೊಳ್ಳಲು ಸಮಯ ಬೇಕು, ಮೊದಲ ಭೇಟಿಯಲ್ಲೇ ಒಪ್ಪಿಗೆ ಪಡೆಯಲು ಹೊರಡಬಾರದು. ಮನೆಗೆ ಹೋದ ಮೇಲೆ ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂದುಕೊಂಡು ಅಂದೇ ಸಂಜೆ ಮಗುವನ್ನು ಗದರಿಸುವುದರಿಂದ ಯಾವ ಉಪಯೋಗವೂ ಇಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಹೊಡೆದದ್ದಕ್ಕೂ ಸಂಜೆ ಆರಕ್ಕೆ ಸಿಕ್ಕಿದ ಬೈಗುಳಕ್ಕೂ ಮೂರು ವರ್ಷದ ಮಗು ಸಂಬಂಧ ಕಲ್ಪಿಸಲಾರದು. ಶಾಲೆಯಿಂದ ಬಂದರೆ ಅಪ್ಪ ಅಮ್ಮ ಮುನಿಯುತ್ತಾರೆಂಬುದಷ್ಟೇ ಅದಕ್ಕೆ ಉಳಿಯುತ್ತದೆ. ಅದರ ಬದಲು ಶಿಕ್ಷಕಿಯನ್ನು ಕೇಳಬೇಕಾದದ್ದು ಬಹಳವಿದೆ: ದಿನದ ಯಾವ ಹೊತ್ತಿನಲ್ಲಿ, ಯಾರ ಜೊತೆಯಲ್ಲಿ, ಆಗ ನೀವು ಏನು ಮಾಡಿದಿರಿ, ಯಾವುದು ಸ್ವಲ್ಪವಾದರೂ ಫಲಿಸಿತು, ನಾನೊಂದು ದಿನ ದೂರದಿಂದ ಕುಳಿತು ನೋಡಬಹುದೇ?

ಪೋಷಕರ ಅನುಮಾನವೇ ಸರಿಯಾಗಿರುವ ಸಂದರ್ಭಗಳೂ ಇವೆ, ಇದನ್ನು ಮುಚ್ಚಿಡಬಾರದು. ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಗಿಲಿಯಂ ಮತ್ತು ಸಂಗಡಿಗರು 2016ರಲ್ಲಿ ಶಿಶುವಿಹಾರದ ಶಿಕ್ಷಕರಿಗೆ ವಿಡಿಯೋಗಳನ್ನು ತೋರಿಸಿ, ಕೆಟ್ಟ ವರ್ತನೆ ಬರಬಹುದು, ಗಮನಿಸುತ್ತಿರಿ ಎಂದರು. ವಿಡಿಯೋಗಳಲ್ಲಿ ಅಂಥದ್ದೇನೂ ಇರಲಿಲ್ಲ. ಆದರೂ ಕಣ್ಣಿನ ಚಲನೆ ಅಳೆಯುವ ಯಂತ್ರ ಹೇಳಿದ್ದು, ಶಿಕ್ಷಕರ ದೃಷ್ಟಿ ಕಪ್ಪು ವರ್ಣದ ಮಕ್ಕಳ ಮೇಲೆ, ಅದರಲ್ಲೂ ಗಂಡುಮಕ್ಕಳ ಮೇಲೆ ಹೆಚ್ಚು ಹೊತ್ತು ನಿಂತಿತ್ತೆಂದು. ತೊಂದರೆಯನ್ನು ಎಲ್ಲಿ ಹುಡುಕುತ್ತೇವೋ ಅಲ್ಲಿ ಅದು ಹೆಚ್ಚು ಸಿಗುತ್ತದೆ. ಟಿಪ್ಪಣಿ ಪುಸ್ತಕದ ಇನ್ನೊಂದು ಉಪಯೋಗವಿದು: ಬರೆದ ಎಣಿಕೆ ಶಿಕ್ಷಕಿಯ ಸ್ವಂತ ಪೂರ್ವಗ್ರಹವನ್ನೂ ತಡೆಯಬಲ್ಲದು, ಅದೇ ತಪ್ಪನ್ನು ಬೇರೆ ಮಕ್ಕಳು ಎಷ್ಟು ಸಲ ಮಾಡಿದರೆಂಬುದನ್ನೂ ಅದರಲ್ಲಿ ಬರೆದರೆ.

ಗಿಲಿಯಂ ಅವರದೇ 2005ರ ಸಮೀಕ್ಷೆ ಅಮೆರಿಕದ ಸರ್ಕಾರಿ ನೆರವಿನ ಶಿಶುವಿಹಾರಗಳಲ್ಲಿ ಪ್ರತಿ 1000 ಮಕ್ಕಳಿಗೆ 6.67 ಮಕ್ಕಳನ್ನು ಹೊರಹಾಕಲಾಗುತ್ತಿದೆಯೆಂದು ತೋರಿಸಿತು. ಇದು ದೊಡ್ಡ ಮಕ್ಕಳ ಶಾಲೆಗಳ ಪ್ರಮಾಣಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಹೊರಹಾಕಿದ ಮಗುವಿನ ತೊಂದರೆ ಕೊನೆಯಾಗುವುದಿಲ್ಲ, ಅದು ಮುಂದಿನ ಶಾಲೆಯ ಬಾಗಿಲಿಗೆ ಹೋಗುತ್ತದೆ ಅಷ್ಟೆ. ಮಕ್ಕಳ ವರ್ತನೆ ಬಲ್ಲ ಸಲಹೆಗಾರರು ತರಗತಿಗೇ ಬಂದು ಶಿಕ್ಷಕಿಗೆ ನೆರವಾಗುವ ವ್ಯವಸ್ಥೆಯಿದ್ದ ಕಡೆ ಹೊರಹಾಕುವುದು ಕಡಿಮೆಯಿತ್ತೆಂಬುದೂ ಅದೇ ಸಮೀಕ್ಷೆಯಲ್ಲಿ ಕಂಡಿತು.

ಮಾತುಕತೆಯ ನಂತರ

ಮುಂದಿನ ಹೆಜ್ಜೆ ಮಕ್ಕಳ ವೈದ್ಯರದ್ದಾದರೆ, ತಪಾಸಣೆಗೂ ರೋಗನಿರ್ಣಯಕ್ಕೂ ಇರುವ ವ್ಯತ್ಯಾಸ ತಿಳಿದಿರಬೇಕು. 16ರಿಂದ 30 ತಿಂಗಳ ಮಕ್ಕಳಲ್ಲಿ ಆಟಿಸಂನ ಸುಳಿವು ಹುಡುಕುವ 20 ಪ್ರಶ್ನೆಗಳ ಎಂ-ಚಾಟ್ ಎಂಬ ಪ್ರಶ್ನಾವಳಿಯನ್ನಾಗಲಿ, ವರ್ತನೆಯ ಬಲ ಮತ್ತು ತೊಡಕುಗಳನ್ನು 25 ಅಂಶಗಳಲ್ಲಿ ಕೇಳುವ ಎಸ್‌ಡಿಕ್ಯೂ ಪ್ರಶ್ನಾವಳಿಯನ್ನಾಗಲಿ ಮನೆಯವರು ಕೆಲವೇ ನಿಮಿಷಗಳಲ್ಲಿ ತುಂಬಬಹುದು. ಅವು ಹೇಳುವುದು ‘ಇನ್ನಷ್ಟು ವಿವರವಾಗಿ ನೋಡಬೇಕು’ ಎಂದು ಮಾತ್ರ; ತಪಾಸಣೆಯಲ್ಲಿ ಸಿಕ್ಕಿಬಿದ್ದ ಮಕ್ಕಳಲ್ಲಿ ಹಲವರಿಗೆ ಮುಂದಿನ ಪರೀಕ್ಷೆಯಲ್ಲಿ ಆ ತೊಂದರೆ ಇಲ್ಲವೆಂದು ತಿಳಿಯುತ್ತದೆ. ಇನ್ನು, ವೈದ್ಯರ ಬಳಿ ಹೋದರೆ ಪುಟ್ಟ ಮಗುವಿಗೆ ಮಾತ್ರೆ ಕೊಟ್ಟುಬಿಡುತ್ತಾರೆಂಬ ಭಯದಿಂದಲೇ ಹಿಂಜರಿಯುವವರಿದ್ದಾರೆ. ನಾಲ್ಕೈದು ವರ್ಷದ ಮಗುವಿಗೆ ಎಡಿಎಚ್‌ಡಿ ಇದೆಯೆಂದು ಖಚಿತವಾದಾಗಲೂ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಮೊದಲು ಸೂಚಿಸುವುದು ಮಗುವಿನ ವರ್ತನೆಯನ್ನು ನಿಭಾಯಿಸುವ ಬಗೆಯಲ್ಲಿ ಪೋಷಕರಿಗೆ ತರಬೇತಿಯನ್ನು, ಔಷಧಿಯನ್ನಲ್ಲ.

ವೈದ್ಯರ ಸರದಿ ಬರುವವರೆಗೂ ಸುಮ್ಮನೆ ಕೂರಬೇಕಿಲ್ಲ. ಒಂದೇ ಒಂದು ವರ್ತನೆಯನ್ನು ಆರಿಸಿಕೊಂಡು, ಮನೆ ಮತ್ತು ತರಗತಿ ಎರಡರಲ್ಲೂ ಅದಕ್ಕೆ ಒಂದೇ ಮಾತು, ಒಂದೇ ಕ್ರಮ ಇಟ್ಟುಕೊಂಡರೆ ಮಗುವಿಗೆ ದಾರಿ ಸ್ಪಷ್ಟವಾಗುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ ಎಳೆದರೆ ನಡುವೆ ಸಿಕ್ಕಿದ ಮಗುವಿಗೆ ಏನೂ ತಿಳಿಯುವುದಿಲ್ಲ. ಪೋಷಕರು ಯಾವುದಕ್ಕೂ ಒಪ್ಪದೆ ಎದ್ದುಹೋದರೆ? ತರಗತಿಯೊಳಗೆ ಮಾಡಬಹುದಾದದ್ದನ್ನು ಶಿಕ್ಷಕಿ ಆಗಲೂ ನಿಲ್ಲಿಸಬೇಕಿಲ್ಲ. ಮಗುವನ್ನು ಬಿಡಲು ಬರುವ ಅವರನ್ನು ಎಂದಿನಂತೆ ಮಾತನಾಡಿಸುತ್ತ, ಒಳ್ಳೆಯದನ್ನು ಕಂಡ ದಿನವೂ ತಪ್ಪದೆ ಹೇಳುತ್ತ, ಟಿಪ್ಪಣಿ ಪುಸ್ತಕವನ್ನು ಮುಂದುವರಿಸಿದರೆ ಆರು ವಾರಗಳ ನಂತರದ ಎರಡನೆಯ ಭೇಟಿಗೆ ಅವರನ್ನು ಕರೆಯಬಹುದು. ಆಗ ಮೇಜಿನ ಮೇಲೆ ಎರಡು ಪುಟಗಳಿರುತ್ತವೆ, ಅಂದಿನದು ಮತ್ತು ಇಂದಿನದು. ಎಷ್ಟೋ ಪೋಷಕರು ಮೊದಲ ಸಲ ‘ಮನೆಯಲ್ಲೂ ಕೆಲವೊಮ್ಮೆ…’ ಎಂದು ಬಾಯಿಬಿಡುವುದು ಈ ಎರಡನೆಯ ಭೇಟಿಯಲ್ಲಿ.